ಕಲಬುರಗಿಯ ಇರುಳಿಗೆ ಅತಿಥಿ ಬೇಕು

ಹಳೆಯ ರಾಜಧಾನಿಗಳನ್ನು ನೋಡಲು ಬರುವ ಪ್ರವಾಸಿಗೆ ಹಗಲಿನಲ್ಲಿ ಕೋಟೆ, ಗೋರಿ, ಗುಡಿಗಳಿರುತ್ತವೆ. ಹೊತ್ತು ಮುಳುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಮಾತ್ರ ಪ್ರತಿಯೊಂದು ಊರೂ ತನ್ನದೇ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಇಟಲಿಯ ವೆರೋನಾ ನಗರವು 1913ರಲ್ಲಿ ಸಂಗೀತಕಾರ ವೆರ್ದಿಯ ಜನ್ಮಶತಮಾನೋತ್ಸವದ ನೆಪದಲ್ಲಿ ಆತನ ‘ಐದಾ’ ಎಂಬ ಒಪೆರಾವನ್ನು, ಅಂದರೆ ಮಾತಿನ ಬದಲು ಹಾಡಿನಲ್ಲಿಯೇ ನಡೆಯುವ ನಾಟಕವನ್ನು, ರೋಮನ್ನರ ಕಾಲದ ಬಯಲು ರಂಗಮಂದಿರದಲ್ಲಿ ಆಡಿಸಿತು. ಅಲ್ಲಿಂದೀಚೆಗೆ ಆ ಊರಿನ ಬೇಸಿಗೆಯ ರಾತ್ರಿಗಳಿಗಾಗಿಯೇ ದೂರದ ದೇಶಗಳಿಂದ ಜನ ಬಂದು ತಂಗುತ್ತಾರೆ. 1347ರಿಂದ ಸುಮಾರು ಎಂಟು ದಶಕಗಳ ಕಾಲ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಕಲಬುರಗಿಗೆ ಬರುವವರಾದರೋ, ತೆರೆದ ಅಂಗಳವಿಲ್ಲದೆ ಇಡಿಯಾಗಿ ಗುಮ್ಮಟಗಳ ಮಾಡಿನಡಿ ನಿಂತಿರುವ 1367ರ ಜಾಮಿ ಮಸೀದಿಯನ್ನೂ ಹಫ್ತ್ ಗುಂಬಜ್‌ನ ಗೋರಿಗಳನ್ನೂ ನೋಡಿ, ಸಂಜೆಯೊಳಗೆ ಬೀದರಿಗೋ ವಿಜಯಪುರಕ್ಕೋ ಹೊರಟುಬಿಡುತ್ತಾರೆ. ಈ ಊರಿನಲ್ಲಿ ರಾತ್ರಿ ನೋಡುವಂಥದ್ದು ಏನೂ ಇಲ್ಲ ಎಂಬ ಭಾವನೆ ಹೀಗೆ ಬೇರೂರಿದೆ. ಅದು ಸತ್ಯಕ್ಕೆ ದೂರವಾದುದು.

ಕಲಬುರಗಿಯ ಇರುಳಿಗೆ ಬಹಳ ಹಿಂದಿನ ಚರಿತ್ರೆಯಿದೆ. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫೆರಿಸ್ತಾ, 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿಯ ರಾತ್ರಿಗೋಷ್ಠಿಗಳನ್ನು ವರ್ಣಿಸಿದ್ದಾನೆ. ವಿದ್ವಾಂಸರು, ಕವಿಗಳು, ಕಥನಕಾರರು ಸುಲ್ತಾನನೊಡನೆ ನಡುರಾತ್ರಿಯವರೆಗೆ ಕುಳಿತಿರುತ್ತಿದ್ದರು. ಅಲ್ಲಿ ಅರಸನೆಂಬ ಬಿಗುವು ಇರಲಿಲ್ಲ. ರಾಜ್ಯದ ವ್ಯವಹಾರವನ್ನು ಎತ್ತಬಾರದು, ಎದುರಿಗಿಲ್ಲದವರ ನಿಂದೆ ಮಾಡಬಾರದು ಎಂಬ ಎರಡೇ ಕಟ್ಟಳೆಗಳಿದ್ದವು. ಅತಿಥಿಯನ್ನು ಸರಿಸಮನಾಗಿ ಕೂರಿಸಿಕೊಳ್ಳುವ ಈ ಗುಣವನ್ನು ಊರಿನ ಮುಖ್ಯ ಆಸ್ತಿಯೆಂದೇ ಎಣಿಸಬೇಕು.

ಅದೇ ಫಿರೋಜನ ಕಾಲದಲ್ಲಿ ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದು ನೆಲೆಸಿ 1422ರಲ್ಲಿ ನಿಧನರಾದ ಖ್ವಾಜಾ ಬಂದೇನವಾಜರು ಚಿಶ್ತಿ ಸೂಫಿ ಪಂಥದವರು. ಸಂಗೀತವನ್ನು ಆಲಿಸುವುದೇ ದೇವರ ಧ್ಯಾನದ ಒಂದು ದಾರಿಯೆಂದು ನಂಬಿ, ಅದನ್ನು ‘ಸಮಾ’ ಎಂದು ಕರೆದ ಪಂಥವದು. ಅವರ ಪುಣ್ಯತಿಥಿಯಾದ ಉರುಸಿನಲ್ಲಿ ಗಂಧದ ಮೆರವಣಿಗೆ, ದೀಪಾಲಂಕಾರ, ಕವ್ವಾಲಿಗಳು ಊರನ್ನು ಎಚ್ಚರವಾಗಿಡುತ್ತವೆ. ಚಾಂದ್ರಮಾನದ ಹಿಜರಿ ಪಂಚಾಂಗವನ್ನು ಅನುಸರಿಸುವುದರಿಂದ ಉರುಸು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಇದೇ ಊರಿನ ಸಂತ ಶರಣಬಸವೇಶ್ವರರ ಜಾತ್ರೆ ಹಾಗಲ್ಲ. ಅದು ಹೋಳಿ ಹುಣ್ಣಿಮೆಯ ನಂತರದ ಪಂಚಮಿಗೆ ಅಂಟಿಕೊಂಡಿದೆ. ಹಗಲು ಬಿಸಿಲು ಏರತೊಡಗುವ ಆ ದಿನಗಳಲ್ಲಿ ಇಳಿಹೊತ್ತಿಗೆ ತೇರು ಎಳೆದು, ತಂಪಾದ ಮೇಲೆ ಕುಟುಂಬ ಸಮೇತ ಅಂಗಡಿಸಾಲುಗಳಲ್ಲಿ ತಿರುಗಾಡಿ, ಮಿರ್ಚಿ ಭಜಿ, ಚುರಮುರಿ ತಿಂದು ತಡವಾಗಿ ಮನೆ ಸೇರುವುದು ಇಲ್ಲಿನವರ ರೂಢಿ. ಹೆಂಗಸರು, ಮಕ್ಕಳು, ಮುದುಕರು ಅಂಜಿಕೆಯಿಲ್ಲದೆ ಒಟ್ಟಾಗಿ ಹೊರಗಿರುವ ಇಂಥ ರಾತ್ರಿ ಎಷ್ಟೋ ಮಹಾನಗರಗಳಿಗೆ ಇಲ್ಲ.

ನಗರದ ಹೊರಗೆ ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರವನ್ನು ಹೊರಗಿನವರು ಬಲ್ಲುದು ಭೌಗೋಳಿಕ ಸೂಚ್ಯಂಕ ಪಡೆದ ಅಲ್ಲಿನ ಕೆಂಪು ಬಾಳೆಹಣ್ಣಿನಿಂದ. ಆದರೆ ಆ ಸೀಮೆಯ ತಾಂಡಾಗಳ, ಅಂದರೆ ಲಂಬಾಣಿಗರ ವಸತಿಗಳ, ಇರುಳು ಅಷ್ಟೇ ವಿಶಿಷ್ಟವಾದುದು. ಮಳೆಗಾಲದ ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿ ಬಿತ್ತಿ, ದಿನವೂ ನೀರೆರೆದು, ಸಸಿಗಳ ಸುತ್ತ ಹಾಡಿ ಕುಣಿಯುತ್ತಾರೆ. ದೀಪಾವಳಿ ಅಮಾವಾಸ್ಯೆಯ ಕತ್ತಲಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹಾಡುತ್ತ ಹಿರಿಯರಿಗೆ ಶುಭ ಕೋರುತ್ತಾರೆ. ಈ ಭಾಗದ ಹಳ್ಳಿಗಳಲ್ಲಿ ಏಕತಾರಿ, ತಾಳಗಳೊಡನೆ ಕಡಕೋಳ ಮಡಿವಾಳಪ್ಪನವರಂಥ ತತ್ವಪದಕಾರರ ಪದಗಳನ್ನು ಬೆಳಗಿನವರೆಗೆ ಹಾಡುವ ಭಜನಾ ಮೇಳಗಳಿವೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕರ್ಬಲಾದ ದುಃಖದ ಕಥೆ ಹೇಳುವ ರಿವಾಯತ್ ಪದಗಳನ್ನು ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ.

ಇವು ಯಾವುವೂ ಪ್ರೇಕ್ಷಕನಿಗಾಗಿ ಹುಟ್ಟಿದ ಪ್ರದರ್ಶನಗಳಲ್ಲ. ಹಾಡುವವರಿಗೂ ಕೇಳುವವರಿಗೂ ನಡುವೆ ಗೆರೆಯಿಲ್ಲದಿರುವುದೇ ಇವುಗಳ ಜೀವಾಳ. ಆದ್ದರಿಂದ ಮೇರಾ ಹಾಡನ್ನು ದೀಪಾವಳಿಯಿಂದಲೂ ಮನೆಬಾಗಿಲಿನಿಂದಲೂ ಕಿತ್ತು ತಂದು, ಹೋಟೆಲಿನ ವೇದಿಕೆಯ ಮೇಲೆ ಹತ್ತು ನಿಮಿಷ ತೋರಿಸುವುದರಿಂದ ಹಾಡಿಗೂ ಅತಿಥಿಗೂ ನಷ್ಟವೇ. ವೇದಿಕೆಗೆಂದೇ ಹುಟ್ಟಿದ ಕಲೆಗೆ ಡಾ. ಎಸ್.ಎಂ. ಪಂಡಿತ್ ರಂಗಮಂದಿರವಿದೆ, ಕಲಬುರಗಿ ರಂಗಾಯಣವಿದೆ. ಅಲ್ಲಿನ ನಾಟಕಗಳ ದಿನಗಳು ಒಂದು ತಿಂಗಳು ಮೊದಲೇ ಗೊತ್ತಾದರೆ ಪ್ರವಾಸಿಯೂ ಒಂದು ರಾತ್ರಿ ಹೆಚ್ಚು ತಂಗಿಯಾನು. ಉಳಿದವಕ್ಕೆ ಬೇಕಾದದ್ದು ಹೊಸ ಕಟ್ಟಡಗಳೂ ಅಲ್ಲ, ಬಣ್ಣದ ದೀಪಗಳೂ ಅಲ್ಲ. ಉರುಸು, ಜಾತ್ರೆ, ಮೊಹರಮ್, ಭಜನೆಗಳ ವರ್ಷದ ಪಟ್ಟಿಯನ್ನು ಹಿಜರಿ, ಹಿಂದೂ ಎರಡೂ ಪಂಚಾಂಗಗಳಿಂದ ಲೆಕ್ಕಹಾಕಿ ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಹಾಕಬೇಕು. ಆ ರಾತ್ರಿಗಳಲ್ಲಿ ಕಮಲಾಪುರದಿಂದ ನಗರಕ್ಕೆ ತಡವಾಗಿಯೂ ಬಸ್ ಸಿಗಬೇಕು. ಹೆಂಗಸರಿಗೆ ಶುಚಿಯಾದ ಶೌಚಾಲಯಗಳಿರಬೇಕು. ತಾಂಡಾದ ಹಬ್ಬಗಳನ್ನು ಆ ಪಟ್ಟಿಗೆ ಸೇರಿಸಬೇಕೇ, ಹೊರಗಿನವರು ಯಾವ ರಾತ್ರಿ ಬರಬಹುದು, ಎಲ್ಲಿಯವರೆಗೆ ಬರಬಹುದು ಎಂಬುದನ್ನು ತಾಂಡಾದ ನಾಯಕರೂ ಹಿರಿಯರೂ, ಅವರಿಗಿಂತ ಮೊದಲು ಹಾಡುವ ಹುಡುಗಿಯರೂ ತೀರ್ಮಾನಿಸಬೇಕು.