ಮೇಯರ್ ನಮ್ಮವರೆಂದು ಹಿಗ್ಗುವ ಮೊದಲು

2010ರ ಅಕ್ಟೋಬರ್‌ನಲ್ಲಿ ಕೆನಡಾದ ಕ್ಯಾಲ್ಗರಿ ನಗರವು ನಹೀದ್ ನೆನ್ಶಿಯವರನ್ನು ಮೇಯರ್ ಆಗಿ ಚುನಾಯಿಸಿತು. ಉತ್ತರ ಅಮೆರಿಕದ ಮಹಾನಗರವೊಂದಕ್ಕೆ ಪ್ರಥಮ ಮುಸ್ಲಿಮ್ ಮೇಯರ್ ಎಂಬ ಸುದ್ದಿ ಎಲ್ಲೆಡೆ ಹರಡಿತು. ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಪ್ರತಿಕ್ರಿಯೆಗಳು ಸಿದ್ಧವಾಗಿರುತ್ತವೆ. ಕೆಲವರು ನಮ್ಮವನೊಬ್ಬ ಗೆದ್ದನೆಂದು ಹಿಗ್ಗುತ್ತಾರೆ. ಕೆಲವರು ಆತ ಇಸ್ಮಾಯೀಲಿ ಪಂಥದವನು, ನಮ್ಮವನೇ ಅಲ್ಲ ಎಂದು ಮುಖ ತಿರುಗಿಸುತ್ತಾರೆ. ಆ ನಗರದ ಜನರು ಅವರಿಗೇಕೆ ಮತ ನೀಡಿದರು ಎಂದು ಕೇಳುವವರು ಮಾತ್ರ ವಿರಳ.

ನೆನ್ಶಿಯವರ ತಂದೆತಾಯಿ ತಾಂಜಾನಿಯಾದಿಂದ ವಲಸೆ ಬಂದ ಗುಜರಾತಿ ಮೂಲದವರು. 1972ರಲ್ಲಿ ಹುಟ್ಟಿ ಕ್ಯಾಲ್ಗರಿಯಲ್ಲಿ ಬೆಳೆದ ಅವರು ಹಾರ್ವರ್ಡ್‌ನಲ್ಲಿ ಸಾರ್ವಜನಿಕ ನೀತಿಯನ್ನು ಅಭ್ಯಸಿಸಿ, ಊರಿಗೆ ಮರಳಿ ಅಧ್ಯಾಪಕರಾದರು. ಮುಸ್ಲಿಮರು ಅಲ್ಲಿ ಸಣ್ಣ ಅಲ್ಪಸಂಖ್ಯಾತರು. ಆ ಪ್ರಾಂತವಾದ ಆಲ್ಬರ್ಟಾ ಬಹುಕಾಲದಿಂದ ಸಂಪ್ರದಾಯವಾದಿ ಪಕ್ಷಗಳ ಕೋಟೆ. ಚುನಾವಣೆಯ ಆರಂಭದಲ್ಲಿ ಅವರು ಸ್ಪರ್ಧೆಯಲ್ಲಿ ಬಹಳ ಹಿಂದಿದ್ದರು. ಸಮುದಾಯದ ಮತಗಳನ್ನು ಲೆಕ್ಕ ಹಾಕಿ ಕುಳಿತಿದ್ದರೆ ಗೆಲ್ಲುವುದು ಅಸಾಧ್ಯವಿತ್ತು. ಅವರು ಸಾರಿಗೆಯ ಬಗ್ಗೆ, ವಸತಿಯ ಬಗ್ಗೆ, ನಗರಾಡಳಿತದ ವೆಚ್ಚದ ಬಗ್ಗೆ ಮಾತನಾಡಿದರು. ಸುಮಾರು ಶೇ. 40 ಮತ ಪಡೆದು ಗೆದ್ದರು.

2013ರ ಜೂನ್‌ನಲ್ಲಿ ಬೋ ಮತ್ತು ಎಲ್ಬೋ ನದಿಗಳು ಉಕ್ಕಿ ಹರಿದು ನಗರದ ಹೃದಯಭಾಗವೇ ಮುಳುಗಿತು. ಹತ್ತಾರು ಸಾವಿರ ಮಂದಿ ಮನೆ ತೊರೆದರು. ಮೇಯರ್ ಹಗಲಿರುಳೆನ್ನದೆ ಜನರ ಮುಂದೆ ನಿಂತು ಮಾಹಿತಿ ನೀಡಿದರು. ಅದೇ ಅಕ್ಟೋಬರ್‌ನಲ್ಲಿ ಅವರಿಗೆ ದೊರೆತದ್ದು ಸುಮಾರು ಶೇ. 74 ಮತ. ಆ ಮತದಾರರು ಅಭ್ಯರ್ಥಿಯ ಧರ್ಮವನ್ನು ಅರಿಯದವರೇನಲ್ಲ. ಆತನ ಕೆಲಸವನ್ನು ಕಂಡವರು.

ಹಾಗೆಂದು ಅವರು ತಮ್ಮ ಗುರುತನ್ನು ಬಚ್ಚಿಟ್ಟುಕೊಳ್ಳಲಿಲ್ಲ. 2015ರ ರಾಷ್ಟ್ರೀಯ ಚುನಾವಣೆಯಲ್ಲಿ ನಿಖಾಬನ್ನು ರಾಜಕೀಯ ಅಸ್ತ್ರವಾಗಿಸಿದಾಗ, ಅಂದಿನ ಪ್ರಧಾನಿ ಹಾರ್ಪರ್‌ರ ನಿಲುವನ್ನು ಬಹಿರಂಗವಾಗಿ ವಿರೋಧಿಸಿದರು. ಎಲ್ಲರ ಕೆಲಸ ಮಾಡಿದವನ ಮಾತಿಗೆ ಎಲ್ಲರ ಕಿವಿಯೂ ತೆರೆದಿರುತ್ತದೆ ಎಂಬುದನ್ನು ನಾವು ಗಮನಿಸಬೇಕು.

ಅವರನ್ನು ಪವಾಡಪುರುಷನೆಂದು ಬಿಂಬಿಸುವ ಇರಾದೆ ನಮಗಿಲ್ಲ. 2017ರಲ್ಲಿ ಅವರ ಮತ ಸುಮಾರು ಶೇ. 51ಕ್ಕೆ ಇಳಿಯಿತು. 2026ರ ಚಳಿಗಾಲದ ಒಲಿಂಪಿಕ್ಸ್ ಕ್ಯಾಲ್ಗರಿಗೆ ಬರಲೆಂದು ಅವರು ವಾದಿಸಿದರು. 2018ರ ಜನಮತಗಣನೆಯಲ್ಲಿ ಶೇ. 56ರಷ್ಟು ಮಂದಿ ಬೇಡವೆಂದರು, ಯೋಜನೆ ಅಲ್ಲಿಗೇ ನಿಂತಿತು. 2021ರಲ್ಲಿ ಮತ್ತೆ ಸ್ಪರ್ಧಿಸದೆ ಕುರ್ಚಿ ಬಿಟ್ಟರು. 2024ರ ಜೂನ್‌ನಲ್ಲಿ ಶೇ. 86 ಮತಗಳೊಂದಿಗೆ ಆಲ್ಬರ್ಟಾದ ನ್ಯೂ ಡೆಮಾಕ್ರಟಿಕ್ ಪಕ್ಷದ ನಾಯಕರಾದರು. 2025ರ ಉಪಚುನಾವಣೆಯಲ್ಲಿ ಎಡ್ಮಂಟನ್‌ನಿಂದ ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾದರು. ನಗರದ ಮೇಯರ್ ಆಗಿ ಪಕ್ಷಾತೀತರಾಗಿದ್ದವರಿಗೆ ಪಕ್ಷದ ಬಾವುಟ ಹಿಡಿದ ಮೇಲೆ ಅದೇ ವಿಶ್ವಾಸ ಉಳಿಯುವುದೇ? ಅದನ್ನು ಆಲ್ಬರ್ಟಾದ ಜನತೆ ನಿರ್ಧರಿಸಲಿ.

ನಮ್ಮ ಪ್ರಶ್ನೆ ನಮ್ಮ ಪಟ್ಟಣಗಳದ್ದು. ಇಲ್ಲಿ ಮೇಯರನ್ನು ಜನರು ನೇರವಾಗಿ ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ. ಆದ್ದರಿಂದ ವಾರ್ಡಿನ ಸದಸ್ಯನೇ ನಮ್ಮ ಕೈಗೆಟುಕುವ ಅಧಿಕಾರ. ಆತನಿಂದ ನಾವು ಕೇಳುವುದೇನು? ಮದುವೆಗೆ ಬರಬೇಕು, ಇಫ್ತಾರ್ ಕೂಟಕ್ಕೆ ಟೋಪಿ ಧರಿಸಿ ಬರಬೇಕು, ಖಬರಸ್ತಾನದ ಗೋಡೆಗೆ ಅನುದಾನ ತರಬೇಕು. ಇಷ್ಟಾದರೆ ಮುಂದಿನ ಬಾರಿಯೂ ಮತ ಅವನಿಗೇ. ನಮ್ಮದೇ ಮೊಹಲ್ಲಾದ ತೆರೆದ ಚರಂಡಿ, ಬಾರದ ನೀರು, ಉರಿಯದ ಬೀದಿದೀಪಗಳ ಲೆಕ್ಕ ಕೇಳಿದರೆ 'ನಮ್ಮವನನ್ನೇ ಪ್ರಶ್ನಿಸುವುದೇ?' ಎಂದು ಹಿರಿಯರು ಗದರುತ್ತಾರೆ. ಖಲೀಫಾ ಉಮರ್(ರ)ರನ್ನು ಸಾಮಾನ್ಯನೊಬ್ಬ ಎದ್ದುನಿಂತು ಅವರ ಬಟ್ಟೆಯ ಲೆಕ್ಕ ಕೇಳಿದ ಪ್ರಸಂಗವನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗುವವರೂ ನಾವೇ!

ಅಧಿಕಾರವೆಂಬುದು ಅಮಾನತ್. ಅದನ್ನು ಹೊತ್ತವನು ಸಹೋದರ ಧರ್ಮೀಯರ ಬೀದಿಗೂ ಉತ್ತರದಾಯಿ. ಪಂಥದ ಕುರಿತು ನಮ್ಮ ನಡುವೆ ಭಿನ್ನಾಭಿಪ್ರಾಯಗಳಿರಬಹುದು. ಮಳೆಗಾಲದ ಕೊಳಚೆ ನೀರು ಯಾರ ಮಝ್‌ಹಬನ್ನೂ ವಿಚಾರಿಸಿ ಮನೆಯೊಳಗೆ ನುಗ್ಗುವುದಿಲ್ಲ. ದೂರದ ಕ್ಯಾಲ್ಗರಿಯ ಗೆಲುವಿಗೆ ಸಿಹಿ ಹಂಚುವ ಮೊದಲು, ನಮ್ಮ ವಾರ್ಡಿನ ಸದಸ್ಯ ಕಳೆದ ಸಭೆಯಲ್ಲಿ ಬಾಯಿ ತೆರೆದನೇ ಎಂದು ವಿಚಾರಿಸೋಣ. ಲೆಕ್ಕ ಕೇಳದ ಸಮುದಾಯಕ್ಕೆ ಲೆಕ್ಕಕ್ಕೆ ಬರುವ ನಾಯಕರು ಹುಟ್ಟುವುದಿಲ್ಲ.