ಒಂದೇ ಕಟ್ಟಿನ ನೆಲಮಾಳಿಗೆ
‘ವನ್ ಡೆಕ್ ಡಂಜನ್’ ಎಂಬುದು ಒಬ್ಬರೇ ಕೂತು ಆಡಬಹುದಾದ ಎಲೆ ಮತ್ತು ದಾಳದ ಆಟ, ಇಬ್ಬರಿಗೂ ಒಗ್ಗುತ್ತದೆ. ಕ್ರಿಸ್ ಸೀಸ್ಲಿಕ್ ರೂಪಿಸಿದ ಇದನ್ನು ಅಮೆರಿಕದ ಅಸ್ಮಾಡಿ ಗೇಮ್ಸ್ 2016ರಲ್ಲಿ ಹೊರತಂದಿತು. ಯೋಧೆ, ಮಾಂತ್ರಿಕೆ, ಬಿಲ್ಲುಗಾರ್ತಿ ಮೊದಲಾದ ಐವರು ವೀರರೂ ಹೆಂಗಸರೇ. ಈ ಬಗೆಯ ಆಟಗಳಲ್ಲಿ ಇದು ಅಪರೂಪ, ಮೆಚ್ಚತಕ್ಕದ್ದು. ಮಗುಚಿಟ್ಟ ಎಲೆಗಳು ಮುಚ್ಚಿದ ಬಾಗಿಲುಗಳು. ಬಾಗಿಲು ತೆರೆದರೆ ರಾಕ್ಷಸನೋ ಅಪಾಯವೋ ಎದುರಾಗುತ್ತದೆ. ಹಳದಿ ದಾಳ ಬಲಕ್ಕೆ, ಗುಲಾಬಿ ಚುರುಕಿಗೆ, ನೀಲಿ ಮಂತ್ರಕ್ಕೆ. ಉರುಳಿಸಿದ ದಾಳಗಳನ್ನು ಎಲೆಯ ಮೇಲಿನ ಚೌಕಗಳಲ್ಲಿ ಹೊಂದಿಸಬೇಕು. ತುಂಬದೆ ಉಳಿದ ಚೌಕಗಳು ಪ್ರಾಣವನ್ನೋ ಸಮಯವನ್ನೋ ಕಸಿಯುತ್ತವೆ. ಬೇಡವಾದ ಯಾವುದೇ ಎರಡು ದಾಳ ಕೊಟ್ಟು, ಅವುಗಳಲ್ಲಿ ಚಿಕ್ಕದರ ಬೆಲೆಯ ಒಂದು ಕಪ್ಪು ದಾಳ ಪಡೆಯಬಹುದು. ಅದು ಎಲ್ಲ ಬಣ್ಣಕ್ಕೂ ಸಲ್ಲುತ್ತದೆ. ಹೀಗಾಗಿ ಅದೃಷ್ಟ ಕೈಕೊಟ್ಟಾಗಲೂ ಯೋಚನೆಗೆ ಎಡೆಯಿರುತ್ತದೆ. ಆಟದ ನಿಜವಾದ ಜಾಣ್ಮೆ ಇರುವುದು ಗೆದ್ದ ಎಲೆಯ ಬಳಕೆಯಲ್ಲಿ. ಅದನ್ನು ಆಯುಧವಾಗಿ ಎಡಬದಿಗೆ ಸಿಕ್ಕಿಸಿದರೆ ದಾಳಗಳು ಹೆಚ್ಚುತ್ತವೆ, ವಿದ್ಯೆಯಾಗಿ ಇಟ್ಟುಕೊಂಡರೆ ಹೊಸ ಪಟ್ಟು ದಕ್ಕುತ್ತದೆ, ಅನುಭವವಾಗಿ ಸೇರಿಸಿದರೆ ಮಟ್ಟ ಏರುತ್ತದೆ. ಮೂರರಲ್ಲಿ ಒಂದೇ ಸಾಧ್ಯ, ಎಲ್ಲವೂ ಬೇಕೆನಿಸುವುದೇ ಸಂಕಟ. ಎಲೆಕಟ್ಟೇ ಗಡಿಯಾರವೂ ಹೌದು: ಪ್ರತಿ ಸರದಿಗೂ ಎರಡು ಎಲೆ ಸವೆಯುತ್ತವೆ. ಕಟ್ಟು ಮುಗಿದ ಮೇಲೂ ಅಲ್ಲೇ ನಿಂತರೆ ಪೆಟ್ಟು ಬೀಳುತ್ತದೆ, ಆದ್ದರಿಂದ ಮೆಟ್ಟಿಲಿಳಿಯಬೇಕು. ಮೂರು ಮಹಡಿ ದಾಟಿದವರಿಗೆ ಡ್ರ್ಯಾಗನ್ ಅಥವಾ ಹಿಮಮಾನವ ಯೇತಿಯಂಥ ಒಡೆಯನೊಂದಿಗೆ ಸುತ್ತುಸುತ್ತಾಗಿ ಕಾದಾಟ. ಸೋತರೂ ಶ್ರಮ ವ್ಯರ್ಥವಲ್ಲ. ಗುರುತುಹಾಳೆಯಲ್ಲಿ ಚೌಕಗಳು ತುಂಬುತ್ತಾ ಬಂದು ಮುಂದಿನ ಆಟಗಳಿಗೆ ಹೊಸ ಶಕ್ತಿಗಳು ಸಿಗುತ್ತವೆ.