ಹಿಂದಿನ ಬೆಂಚಿನ ಸಾಹುಕಾರ

ಹೋದ ಭಾನುವಾರ ಬೆಳಿಗ್ಗೆ ಊರಿನಿಂದ ಭಾವನ ಫೋನು. ಅಕ್ಕನ ಕೊನೆಯ ಮಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ.

"ಓದು ಅವನ ತಲೆಗೆ ಹತ್ತುದಿಲ್ಲ ಭಾವ. ಆದರೆ ಹುಡುಗ ಚುರುಕು, ಒಳ್ಳೇ ಮಾತುಗಾರ. ಅಲ್ಲೇ ಯಾವುದಾದ್ರೂ ಹೋಟೆಲಿಗೆ ಸೇರಿಸಿ. ನಾಳೆ ಅವನೇ ಹೋಟೆಲು ಇಡ್ತಾನೆ, ನಿಮ್ಮ ಕ್ಲಾಸ್‌ಮೇಟ್ ಇಟ್ಟ ಹಾಗೆ."

ಆ ಕ್ಲಾಸ್‌ಮೇಟ್ ನಮ್ಮೂರಿನ ದಂತಕತೆ. ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತವನು. 1978ರಲ್ಲಿ ಬೊಂಬಾಯಿ ಬಸ್ಸು ಹತ್ತಿ ಗಿರ್ಗಾಂವ್‌ನಲ್ಲಿ ಕಪ್ಪು-ಬಸಿ ತೊಳೆದ. ಇವತ್ತು ಠಾಣೆಯಲ್ಲಿ ಎರಡು ಹೋಟೆಲು. ಕ್ಲಾಸಿಗೆ ಫಸ್ಟ್ ಬರುತ್ತಿದ್ದ ನಾನು ಬ್ಯಾಂಕಿನಲ್ಲಿ ಜೀವನ ಸವೆಸಿ ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ಈ ಹೋಲಿಕೆ ಕೇಳಿ ನಾನೂ ನಕ್ಕಿದ್ದೇನೆ. ನಿಮ್ಮೂರಿನಲ್ಲೂ ಇಂಥ ಕತೆ ಒಂದಾದರೂ ಇದ್ದೀತು.

ಈ ಸಲ ನಗು ಬರಲಿಲ್ಲ. ಆ ವರ್ಷ ನಮ್ಮೂರಿನಿಂದ ಬೊಂಬಾಯಿಗೆ ಹೋದವರು ಒಬ್ಬನಲ್ಲ, ಐದು ಜನ. ಒಬ್ಬ ಕ್ಷಯ ಹಿಡಿಸಿಕೊಂಡು ಎರಡೇ ವರ್ಷದಲ್ಲಿ ವಾಪಸು ಬಂದ. ಇಬ್ಬರು ಮೊನ್ನೆ ಮೊನ್ನೆಯವರೆಗೂ ಬೇರೆಯವರ ಹೋಟೆಲಿನಲ್ಲಿ ಸಪ್ಲೈಯರ್ ಆಗಿಯೇ ಇದ್ದರು. ಇನ್ನೊಬ್ಬ ಎಲ್ಲಿದ್ದಾನೋ, ಅವನ ಮನೆಯವರಿಗೂ ಗೊತ್ತಿಲ್ಲ. ಐವರಲ್ಲಿ ಯಾರೂ ಪೆದ್ದರಲ್ಲ, ಎಲ್ಲರೂ ಚುರುಕೇ. ಸಾಹುಕಾರನಾದವನು ಟಿಪ್ಸಿನ ದುಡ್ಡನ್ನು ಸಿನಿಮಾಕ್ಕೆ ಹಾಕದೆ ಪೋಸ್ಟಾಫೀಸಿನಲ್ಲಿ ಇಡುತ್ತಿದ್ದ, ಅದು ನಿಜ. ಆದರೆ ಅವನು ಕಪ್ಪು ತೊಳೆದ ಹೋಟೆಲು ಅವನ ಸೋದರಮಾವನದು! ಹತ್ತು ವರ್ಷ ಕಳೆದ ಮೇಲೆ ಮಾವ ಗಲ್ಲಾ ಅವನ ಕೈಗೆ ಕೊಟ್ಟರು. ಊರಿನವರು ಕತೆ ಹೇಳುವಾಗ ಈ ಮಾವನೇ ಬಿಟ್ಟುಹೋಗುತ್ತಾರೆ.

ಇದನ್ನೆಲ್ಲ ಕೂತು ಅಳೆದವರಿದ್ದಾರೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಮಿಕ್ಕಿದ ಮಕ್ಕಳ ಬದುಕನ್ನು ಸಂಶೋಧಕರು ದಶಕಗಳಿಂದ ಬೆನ್ನುಹತ್ತಿದ್ದಾರೆ. ಮೂರರಿಂದ ಹನ್ನೊಂದು ವರ್ಷದವರೆಗೆ ಮಗುವಿಗೆ ಎಷ್ಟು ತಾಳ್ಮೆ, ಹಿಡಿದ ಕೆಲಸ ಬಿಡುತ್ತದೋ ಇಲ್ಲವೋ ಎಂದೆಲ್ಲ ಬರೆದಿಟ್ಟರು. 2011ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಚಿಕ್ಕಂದಿನಲ್ಲಿ ಸ್ವನಿಯಂತ್ರಣ ಕಡಿಮೆ ಇದ್ದವರಿಗೆ 32ನೇ ವಯಸ್ಸಿಗೆ ಉಳಿತಾಯ ಕಡಿಮೆ, ಸಾಲದ ತಾಪತ್ರಯ ಜಾಸ್ತಿ. ಬುದ್ಧಿಮತ್ತೆಯನ್ನೂ ಮನೆಯ ಅಂತಸ್ತನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಮಾರ್ಕ್ಸೇ ಎಲ್ಲ ಅಲ್ಲ ಅನ್ನುವುದರಲ್ಲಿ ಭಾವ ಗೆದ್ದರು ಅನ್ನಿ. ಆದರೆ ಅಲ್ಲಿ ಅಳೆದದ್ದು ತಾಳ್ಮೆ, ಮಾತುಗಾರಿಕೆ ಅಲ್ಲ.

ಇನ್ನೊಂದು, ಮಿಠಾಯಿಯ ಪರೀಕ್ಷೆ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ತಿಂಡಿ ಇಟ್ಟು, ಕಾದರೆ ಎರಡು ಕೊಡುತ್ತೇನೆ ಅಂದದ್ದು. ಕಾದ ಮಕ್ಕಳು ಮುಂದೆ ಗೆಲ್ಲುತ್ತಾರೆ ಅಂತ ಎಷ್ಟು ಭಾಷಣ ಕೇಳಿದ್ದೇವೆ! 2018ರಲ್ಲಿ ಬೇರೆ ಸಂಶೋಧಕರು ಹೆಚ್ಚು ಮಕ್ಕಳ ಮೇಲೆ ನೋಡಿದಾಗ, ಹದಿನೈದನೇ ವಯಸ್ಸಿನ ಓದಿನ ಜೊತೆಗಿನ ನಂಟು ಮೊದಲಿನ ಅರ್ಧಕ್ಕೆ ಇಳಿಯಿತು. ಮನೆಯ ಸ್ಥಿತಿಗತಿ ಲೆಕ್ಕಕ್ಕೆ ತಂದಾಗ ಅದರಲ್ಲೂ ಬಹುಪಾಲು ಕರಗಿತು. ಮಿಶೆಲ್‌ರ ಆ ಮಕ್ಕಳಲ್ಲೇ 113 ಜನರನ್ನು ನಲವತ್ತು ದಾಟಿದ ಮೇಲೆ ಹುಡುಕಿ ಆಸ್ತಿಪಾಸ್ತಿ ವಿಚಾರಿಸಿದರು. 2020ರ ಆ ವರದಿಯಲ್ಲಿ, ಅಂದು ಮಿಠಾಯಿಗೆ ಕಾದ ನಿಮಿಷಗಳಿಂದ ಮಾತ್ರವೇ ಏನೂ ಹೇಳಲಾಗಲಿಲ್ಲ. ದೊಡ್ಡವರಾಗುತ್ತಾ ರೂಢಿಯಾದ ಸಂಯಮವೂ ಸೇರಿದಾಗ ಮಾತ್ರ ಸ್ವಲ್ಪ ತಿಳಿಯಿತು.

ನಾಲ್ಕು ವರ್ಷದ ಮಗುವಿನ ಭವಿಷ್ಯವೇ ಮಿಠಾಯಿಯಲ್ಲಿ ಕಾಣದಿರುವಾಗ, ಹದಿನಾರರ ಹುಡುಗನ ಹಣೆಬರಹವನ್ನು ಒಂದು ಗಣಿತದ ಪೇಪರು ನೋಡಿ ಹೇಗೆ ಬರೆಯುವುದು? "ಇವನು ಓದುವವನಲ್ಲ" ಎಂಬ ಮಾತು ಬಡವರ ಮನೆಯಲ್ಲಿ ಬಹಳ ಬೇಗ ತೀರ್ಪಾಗುತ್ತದೆ. ಇಲ್ಲಿ ನಮ್ಮ ಸೊಸೈಟಿಯಲ್ಲಿ ಫೇಲಾದ ಹುಡುಗನಿಗೆ ಕೋಚಿಂಗು, ಅದೂ ಆಗದಿದ್ದರೆ ಅಪ್ಪನ ಅಂಗಡಿ. ಅಕ್ಕನ ಮಗನಿಗೆ ಗಲ್ಲಾ ಬಿಟ್ಟುಕೊಡುವ ಸೋದರಮಾವ ಯಾರು? ನಾನೇ ತಾನೇ, ನನ್ನ ಹತ್ತಿರ ಇರುವುದು ಪೆನ್ಶನ್ನು! ಹೋಟೆಲು ಕೆಲಸ ಹೀನ ಅಂತಲ್ಲ. ಅದರ ಅನ್ನ ಉಂಡೇ ನಮ್ಮ ಕಡೆಯ ನೂರಾರು ಮನೆ ಎದ್ದಿವೆ. ಆದರೆ ಆಯ್ಕೆ ಇದ್ದು ಹೋಗುವುದು ಬೇರೆ, ದೂಡಿಸಿಕೊಂಡು ಹೋಗುವುದು ಬೇರೆ.

"ಎರಡನೇ ಸಲದ ಪರೀಕ್ಷೆ ಬರೆಯಲಿ ಭಾವ. ಅಲ್ಲಿಯವರೆಗೆ ನನ್ನ ಮನೆಯ ಹಾಲಿನಲ್ಲಿ ಇರಲಿ. ಹೋಟೆಲು ಎಲ್ಲಿಗೂ ಓಡಿ ಹೋಗುವುದಿಲ್ಲ" ಅಂದೆ. ಭಾವನಿಗೆ ಅಷ್ಟೇನೂ ಹಿಡಿಸಲಿಲ್ಲ. "ಅಕ್ಕನ ಹತ್ರ ಕೇಳಿ ಹೇಳ್ತೇನೆ" ಅಂದರು. ಅಷ್ಟರಲ್ಲಿ ಫೋನು ಹುಡುಗನ ಕೈಗೆ ಹೋಗಿತ್ತು.

"ಮಾವ, ಅಲ್ಲಿ ಲೆಕ್ಕ ಯಾರು ಹೇಳಿ ಕೊಡುದು?"

"ನಾನೇ ಮಾರಾಯ."

"ಬೆತ್ತ ಉಂಟಾ?"

ಇಲ್ಲ ಅಂದೆ. ಬುಧವಾರದ ಮತ್ಸ್ಯಗಂಧಕ್ಕೆ ಟಿಕೆಟು ಆಗಿದೆ.